ಮೊದಲ ನಕ್ಷತ್ರಗಳನ್ನು ಹುಡುಕುತ್ತ ಕೆರೆಗೆ ಇಳಿದವರು

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ತುಂಬಿ ಹರಿಯುವ ವರ್ಷ ಸುತ್ತಲಿನ ಊರುಗಳ ಜನ ಬಂದು ನೋಡುವುದು ಅದರ ಸೈಫನ್ನನ್ನು. ಮೈಸೂರು ಸಂಸ್ಥಾನದ ಕಾಲದಲ್ಲಿ ಶಿಂಷಾ ನದಿಗೆ ಕಟ್ಟಿದ ಈ ಅಣೆಕಟ್ಟೆಯ ಸೈಫನ್ನಿಗೆ ಗೇಟು ಎತ್ತುವವರು ಬೇಕಿಲ್ಲ. ನೀರು ತುಂಬುಮಟ್ಟ ದಾಟಿದೊಡನೆ ಆಲಿಕೆಯಾಕಾರದ ಬಾಯಿಯೊಳಗೆ ಸುತ್ತುತ್ತ ಇಳಿಯುತ್ತದೆ. ಇಳಿಯುವ ನೀರು ಒಳಗಿನ ಗಾಳಿಯನ್ನೂ ಎಳೆದುಕೊಂಡು ಹೋಗುತ್ತದೆ. ಗಾಳಿ ಖಾಲಿಯಾಗುತ್ತಿದ್ದಂತೆ ಸೈಫನ್ ತಾನಾಗಿ ಹಿಡಿದುಕೊಂಡು ಭೋರ್ಗರೆಯುತ್ತದೆ. ಮಟ್ಟ ಇಳಿದಾಗ ತಾನಾಗಿ ನಿಲ್ಲುತ್ತದೆ. ಇದನ್ನು ರೂಪಿಸಿದವರು ಎಂಜಿನಿಯರ್ ಗಣೇಶ್ ಅಯ್ಯರ್. ಇದೇ ಬಗೆಯ ಸೈಫನ್ನುಗಳು ಶರಾವತಿಯ ಹಿರೇಭಾಸ್ಕರ ಅಣೆಕಟ್ಟೆಯಲ್ಲೂ ಇವೆ. ಲಿಂಗನಮಕ್ಕಿ ಜಲಾಶಯ ಬಂದ ಮೇಲೆ ಆ ಹಳೆಯ ಅಣೆಕಟ್ಟೆ ಹಿನ್ನೀರಿನಡಿ ಸೇರಿತು. ಕಡು ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮಾತ್ರ ಹೊರಗೆ ಕಾಣುತ್ತದೆ.

ಅದೇ ಶರಾವತಿ ಹಿನ್ನೀರಿನಲ್ಲಿ 2020ರ ಆರಂಭದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಒಂದು ತೆಪ್ಪ ಇಳಿಬಿಟ್ಟರು. ತೆಪ್ಪದ ಮೇಲೆ ಲೋಹದ ಶಂಕುವಿನಂಥ ಒಂದು ಆಂಟೆನಾ ಇತ್ತು. ಅದಕ್ಕೂ ಮೊದಲು ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯಲ್ಲೂ ಅದನ್ನು ತೇಲಿಸಿದ್ದರು. ಗಣೇಶ್ ಅಯ್ಯರ್ ನೀರಿನ ಒಂದು ಗುಣವನ್ನು ನಂಬಿ ಯಂತ್ರ ಕಟ್ಟಿದರೆ, ಇವರು ನೀರಿನ ಇನ್ನೊಂದು ಗುಣವನ್ನು ನಂಬಿ ತಮ್ಮ ಉಪಕರಣ ಕಟ್ಟಿದ್ದರು. ವಿಶ್ವದಲ್ಲಿ ಮೊಟ್ಟಮೊದಲು ಹೊತ್ತಿದ ನಕ್ಷತ್ರಗಳು ಬಿಟ್ಟುಹೋದ ಗುರುತನ್ನು ಹುಡುಕುವುದು ಅವರ ಕೆಲಸವಾಗಿತ್ತು. ಅವರಿಗೆ ಸಿಕ್ಕ ಉತ್ತರ ‘ಇಲ್ಲ’ ಎಂಬುದು. ಆ ‘ಇಲ್ಲ’ ಎಷ್ಟು ಬೆಲೆಯುಳ್ಳದ್ದು ಎಂಬುದೇ ಈ ಅಧ್ಯಾಯದ ವಿಷಯ.

ಕತ್ತಲ ಕಾಲದ ಹೈಡ್ರೋಜನ್

ಮಹಾಸ್ಫೋಟವಾಗಿ ಸುಮಾರು 1380 ಕೋಟಿ ವರ್ಷಗಳಾಗಿವೆ. ಮೊದಲ 3.8 ಲಕ್ಷ ವರ್ಷ ವಿಶ್ವ ಎಷ್ಟು ಬಿಸಿಯಾಗಿತ್ತೆಂದರೆ ಪ್ರೋಟಾನು ಮತ್ತು ಎಲೆಕ್ಟ್ರಾನು ಒಂದಾಗಿ ಪರಮಾಣುವಾಗಲು ಸಾಧ್ಯವಿರಲಿಲ್ಲ. ವಿಶ್ವ ಹಿಗ್ಗಿ ತಣಿದಂತೆ ಅವು ಕೂಡಿಕೊಂಡವು, ಹೈಡ್ರೋಜನ್ ಹುಟ್ಟಿತು. ಆಗ ಬಿಡುಗಡೆಯಾದ ವಿಕಿರಣ ಇಂದಿಗೂ ಎಲ್ಲ ದಿಕ್ಕಿನಿಂದ ಬರುತ್ತಿದೆ. ತಣಿದು ತಣಿದು ಈಗ ಅದರ ಉಷ್ಣತೆ ಕೇವಲ 2.7 ಕೆಲ್ವಿನ್. ಇದನ್ನು ವಿಶ್ವದ ಹಿನ್ನೆಲೆ ವಿಕಿರಣ ಎನ್ನುತ್ತೇವೆ.

ಆಮೇಲೆ ಬಂದದ್ದು ಕತ್ತಲ ಯುಗ. ನಕ್ಷತ್ರಗಳಿಲ್ಲ, ಗೆಲಾಕ್ಸಿಗಳಿಲ್ಲ. ಎಲ್ಲೆಡೆ ಹೈಡ್ರೋಜನ್ ಅನಿಲ, ಜೊತೆಗೆ ಒಂದಿಷ್ಟು ಹೀಲಿಯಂ. ಗುರುತ್ವದ ಸೆಳೆತಕ್ಕೆ ಅನಿಲ ಅಲ್ಲಲ್ಲಿ ಕುಸಿದು ಒತ್ತೊತ್ತಾಗಿ ಕೊನೆಗೆ ಮೊದಲ ನಕ್ಷತ್ರಗಳು ಹೊತ್ತಿಕೊಂಡವು. ಆ ಘಟ್ಟವನ್ನು ಖಗೋಳ ವಿಜ್ಞಾನಿಗಳು ವಿಶ್ವದ ಅರುಣೋದಯ ಎಂದು ಕರೆಯುತ್ತಾರೆ. ಅದು ನಡೆದದ್ದು ಮಹಾಸ್ಫೋಟದ ನಂತರದ ಹತ್ತಿಪ್ಪತ್ತು ಕೋಟಿ ವರ್ಷಗಳಲ್ಲಿ ಎಂದು ಅಂದಾಜು. ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಮಹಾಸ್ಫೋಟದ ನಂತರ 30 ಕೋಟಿ ವರ್ಷ ತುಂಬುವ ಮೊದಲೇ ಇದ್ದ ಗೆಲಾಕ್ಸಿಗಳನ್ನು ತೋರಿಸಿಕೊಟ್ಟಿದೆ. ಆದರೆ ಅದರ ಕಣ್ಣಿಗೆ ಬೀಳುವುದು ಅಂದಿನ ತೀರಾ ಪ್ರಖರವಾದ ಗೆಲಾಕ್ಸಿಗಳು ಮಾತ್ರ. ಚಿಕ್ಕಪುಟ್ಟವು, ಒಂಟಿ ನಕ್ಷತ್ರಗಳು ಅದರ ಅಳವಿಗೂ ಮೀರಿದವು.

ನಕ್ಷತ್ರ ಕಾಣದಿದ್ದರೆ ಅದರ ಸುತ್ತಲಿದ್ದ ಹೈಡ್ರೋಜನ್ ಏನಾಯಿತೆಂದು ನೋಡಬಹುದು. ಹೈಡ್ರೋಜನ್ ಪರಮಾಣುವಿನಲ್ಲಿ ಒಂದು ಪ್ರೋಟಾನು, ಒಂದು ಎಲೆಕ್ಟ್ರಾನು. ಎರಡಕ್ಕೂ ಸ್ಪಿನ್ ಎಂಬ ಗುಣವಿದೆ. ಎರಡರ ಸ್ಪಿನ್ನೂ ಒಂದೇ ದಿಕ್ಕಿಗಿದ್ದರೆ ಪರಮಾಣುವಿನ ಶಕ್ತಿ ಕೂದಲೆಳೆಯಷ್ಟು ಹೆಚ್ಚು, ವಿರುದ್ಧ ದಿಕ್ಕಿಗಿದ್ದರೆ ಅಷ್ಟೇ ಕಡಿಮೆ. ಮೇಲಿನ ಸ್ಥಿತಿಯಿಂದ ಕೆಳಗಿನದಕ್ಕೆ ಇಳಿಯುವಾಗ ಪರಮಾಣು 21 ಸೆಂಟಿಮೀಟರ್ ಉದ್ದದ ರೇಡಿಯೊ ತರಂಗವನ್ನು ಹೊರಬಿಡುತ್ತದೆ. ಅದರ ಆವರ್ತನ 1420 ಮೆಗಾಹರ್ಟ್ಜ್. ಒಂಟಿ ಪರಮಾಣು ಹೀಗೆ ತಾನಾಗಿ ಇಳಿಯಲು ಸರಾಸರಿ ಒಂದು ಕೋಟಿ ವರ್ಷಕ್ಕೂ ಹೆಚ್ಚು ಕಾಲ ಬೇಕು. ಆದರೆ ಆಕಾಶದಲ್ಲಿರುವ ಹೈಡ್ರೋಜನ್ನಿಗೆ ಲೆಕ್ಕವಿಲ್ಲ, ಹಾಗಾಗಿ ಸಂಕೇತ ಸಿಕ್ಕೇ ಸಿಗುತ್ತದೆ. ಡಚ್ ವಿಜ್ಞಾನಿ ವ್ಯಾನ್ ಡಿ ಹಲ್ಸ್ಟ್ 1944ರಲ್ಲಿ ಇದನ್ನು ಲೆಕ್ಕದಿಂದ ಊಹಿಸಿದರು. 1951ರಲ್ಲಿ ಹಾರ್ವರ್ಡ್‌ನ ಈವೆನ್ ಮತ್ತು ಪರ್ಸೆಲ್ ನಮ್ಮ ಆಕಾಶಗಂಗೆಯಿಂದ ಬರುವ 21 ಸೆಂಟಿಮೀಟರ್ ತರಂಗವನ್ನು ಹಿಡಿದೂ ತೋರಿಸಿದರು.

ಮೊದಲ ನಕ್ಷತ್ರಗಳು ಹುಟ್ಟಿದಾಗ ಅವುಗಳ ಅತಿನೇರಳೆ ಬೆಳಕು ಸುತ್ತಲಿನ ಹೈಡ್ರೋಜನ್ ಪರಮಾಣುಗಳನ್ನು ಕದಡಿತು. ಅದರಿಂದಾಗಿ ಪರಮಾಣುಗಳ ಸ್ಪಿನ್ ಸ್ಥಿತಿ ಅನಿಲದ ನಿಜವಾದ ಉಷ್ಣತೆಗೆ ಹೊಂದಿಕೊಂಡಿತು. ಮಹಾಸ್ಫೋಟದ ನಂತರ 18 ಕೋಟಿ ವರ್ಷದ ಹೊತ್ತಿಗೆ ಹಿನ್ನೆಲೆ ವಿಕಿರಣದ ಉಷ್ಣತೆ ಸುಮಾರು 49 ಕೆಲ್ವಿನ್ ಇದ್ದರೆ ಅನಿಲದ್ದು ಸುಮಾರು 7 ಕೆಲ್ವಿನ್ ಮಾತ್ರ. ತಣ್ಣಗಿನ ಅನಿಲ ತನ್ನ ಹಿಂದಿನಿಂದ ಬರುವ ಬೆಚ್ಚಗಿನ ವಿಕಿರಣದ ಒಂದು ಪಾಲನ್ನು ಹೀರಿಕೊಂಡಿತು. ಅಂದರೆ ಆ ಕಾಲಕ್ಕೆ ಸರಿಹೊಂದುವ ಆವರ್ತನದಲ್ಲಿ ಹಿನ್ನೆಲೆ ವಿಕಿರಣ ತುಸು ಕಮ್ಮಿಯಾಗಿರಬೇಕು, ರೋಹಿತದಲ್ಲೊಂದು ತಗ್ಗು ಬಿದ್ದಿರಬೇಕು. ಮುಂದೆ ಮೊದಲ ಕಪ್ಪುರಂಧ್ರಗಳ ಸುತ್ತಲಿಂದ ಬಂದ ಕ್ಷಕಿರಣ ಅನಿಲವನ್ನು ಕಾಯಿಸಿದಾಗ ತಗ್ಗು ಮುಚ್ಚಿಕೊಂಡಿರಬೇಕು. ತಗ್ಗಿನ ಒಂದು ಅಂಚು ನಕ್ಷತ್ರಗಳು ಯಾವಾಗ ಹುಟ್ಟಿದವೆಂದು ಹೇಳುತ್ತದೆ, ಇನ್ನೊಂದು ಅಂಚು ಅನಿಲ ಯಾವಾಗ ಬಿಸಿಯಾಯಿತೆಂದು ಹೇಳುತ್ತದೆ. ಅದರ ಆಳ ಅಂದಿನ ಅನಿಲ ಎಷ್ಟು ತಂಪಾಗಿತ್ತೆಂದು ತಿಳಿಸುತ್ತದೆ.

ಎಫ್‌ಎಂ ಕೇಂದ್ರಗಳ ನೆರೆಯಲ್ಲಿ

ಮೊದಲ ನಕ್ಷತ್ರಗಳ ಆ ಕಾಲದಿಂದ ಇಂದಿಗೆ ವಿಶ್ವ ಸುಮಾರು 18 ಪಟ್ಟು ಹಿಗ್ಗಿದೆ. ಅದರೊಳಗಿನ ತರಂಗವೂ ಹಿಗ್ಗಿದೆ. 21 ಸೆಂಟಿಮೀಟರ್ ಇದ್ದದ್ದು ನಮ್ಮನ್ನು ಮುಟ್ಟುವಾಗ ಸುಮಾರು 3.8 ಮೀಟರ್ ಆಗಿರುತ್ತದೆ. 1420 ಮೆಗಾಹರ್ಟ್ಜ್‌ನ ಆವರ್ತನ 78–79ಕ್ಕೆ ಇಳಿದಿರುತ್ತದೆ. ನಮ್ಮ ಎಫ್‌ಎಂ ರೇಡಿಯೊದ ಪಟ್ಟಿ ಶುರುವಾಗುವುದು 87.5ರಿಂದ. ವಿಶ್ವದ ಅರುಣೋದಯದ ಸುದ್ದಿ ಬರುವುದು ಎಫ್‌ಎಂ ಪಟ್ಟಿಯ ಒತ್ತಿನಲ್ಲೇ.

ಹಾಗಾಗಿ ಊರಿನ ನಡುವೆ ಕುಳಿತು ಈ ಕೆಲಸ ಆಗುವುದಿಲ್ಲ. ಊರು ಬಿಟ್ಟು ದೂರ ಹೋದರೂ ದೊಡ್ಡ ತೊಡಕು ಉಳಿದೇ ಇರುತ್ತದೆ: ನಮ್ಮದೇ ಆಕಾಶಗಂಗೆ. ಅದರ ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನುಗಳು ಇದೇ ಆವರ್ತನಗಳಲ್ಲಿ ಜೋರಾಗಿ ರೇಡಿಯೊ ತರಂಗ ಸೂಸುತ್ತವೆ. ಉಷ್ಣತೆಯ ಅಳತೆಯಲ್ಲಿ ಹೇಳುವುದಾದರೆ ಆ ಗದ್ದಲ ಸಾವಿರಾರು ಕೆಲ್ವಿನ್. ಹುಡುಕಬೇಕಾದ ತಗ್ಗಿನ ಆಳ ಹೆಚ್ಚೆಂದರೆ 0.2 ಕೆಲ್ವಿನ್. ಹತ್ತು ಸಾವಿರದಲ್ಲಿ ಒಂದು ಪಾಲು.

ಇಲ್ಲಿ ಒಂದೇ ಒಂದು ಅನುಕೂಲವಿದೆ. ಆಕಾಶಗಂಗೆಯ ರೇಡಿಯೊ ಹೊಳಪು ಕಡಿಮೆ ಆವರ್ತನದಿಂದ ಹೆಚ್ಚಿನ ಆವರ್ತನದ ಕಡೆಗೆ ಒಂದೇ ಸಮನೆ ಇಳಿಯುತ್ತ ಹೋಗುತ್ತದೆ. ಎಲ್ಲೂ ಕೊಂಕು, ಬಳುಕು ಇರುವುದಿಲ್ಲ. ಹೊಸದಾಗಿ ಡಾಂಬರು ಹಾಕಿದ ಉದ್ದನೆಯ ಇಳಿಜಾರು ರಸ್ತೆಯಂತೆ ಅದು. ಆ ರಸ್ತೆಯಲ್ಲಿ ಎಲ್ಲೋ ಒಂದು ಕಡೆ ತುಸುವೇ ತಗ್ಗಿದ್ದರೆ, ಇಳಿಜಾರಿನ ನಯವಾದ ಗೆರೆಯನ್ನು ಲೆಕ್ಕದಿಂದ ಕಳೆದಾಗ ಆ ತಗ್ಗು ಮೇಲೆದ್ದು ಕಾಣಬೇಕು. ಅತಿ ನಯವಾದ ಗೆರೆ ಎಂದರೆ ಯಾವುದು, ಅದನ್ನು ಕಳೆಯುವಾಗ ನಿಜವಾದ ತಗ್ಗೂ ಕೊಚ್ಚಿಹೋಗದಂತೆ ಮಾಡುವುದು ಹೇಗೆ ಎಂಬ ಗಣಿತವನ್ನು ರಾಮನ್ ಸಂಸ್ಥೆಯ ಮಯೂರಿ ಸತ್ಯನಾರಾಯಣ ರಾವ್ ಮತ್ತು ಸಹೋದ್ಯೋಗಿಗಳು ಕಟ್ಟಿಕೊಟ್ಟಿದ್ದಾರೆ.

ಆದರೆ ಆಕಾಶ ನಯವಾಗಿದ್ದರೆ ಸಾಲದು. ಉಪಕರಣವೂ ಅಷ್ಟೇ ನಯವಾಗಿರಬೇಕು. ಆಂಟೆನಾ, ತಂತಿ, ಆಂಪ್ಲಿಫೈಯರ್ ಇವುಗಳಲ್ಲಿ ಯಾವುದಾದರೂ ಒಂದು ಕೆಲವು ಆವರ್ತನಗಳಿಗೆ ಹತ್ತು ಸಾವಿರದಲ್ಲಿ ಒಂದು ಪಾಲು ಹೆಚ್ಚುಕಡಿಮೆ ಸ್ಪಂದಿಸಿದರೂ ಸುಳ್ಳು ತಗ್ಗು ಹುಟ್ಟಿಕೊಳ್ಳುತ್ತದೆ.

ಮರ್ಚಿಸನ್‌ನಿಂದ ಬಂದ ಸುದ್ದಿ

2018ರ ಮಾರ್ಚ್ 1ರ ‘ನೇಚರ್’ ಪತ್ರಿಕೆಯಲ್ಲಿ ಅಮೆರಿಕದ ಜಡ್ ಬೌಮನ್ ಮತ್ತು ಸಂಗಡಿಗರು ತಗ್ಗು ಸಿಕ್ಕಿದೆ ಎಂದು ಪ್ರಕಟಿಸಿದರು. ಪಶ್ಚಿಮ ಆಸ್ಟ್ರೇಲಿಯಾದ ಮರ್ಚಿಸನ್ ಎಂಬ ನಿರ್ಜನ ಬಯಲಿನಲ್ಲಿ ಅವರ ‘ಎಡ್ಜಸ್’ ಉಪಕರಣ ಇತ್ತು. ನೆಲದ ಮೇಲೆ ಅಗಲವಾಗಿ ಲೋಹದ ಜಾಲರಿ ಹಾಸಿ, ಅದರ ಮೇಲೆ ಮೇಜಿನಂಥ ಆಂಟೆನಾ ನಿಲ್ಲಿಸಿದ್ದರು. ಅವರಿಗೆ 78 ಮೆಗಾಹರ್ಟ್ಜ್ ಸುತ್ತ, ಸುಮಾರು 19 ಮೆಗಾಹರ್ಟ್ಜ್ ಅಗಲದ ತಗ್ಗು ಕಂಡಿತ್ತು.

ಆವರ್ತನ ನಿರೀಕ್ಷೆಯಂತೆಯೇ ಇತ್ತು. ಆಳ ಮಾತ್ರ 0.5 ಕೆಲ್ವಿನ್, ಅಂದರೆ ಸಿದ್ಧಾಂತ ಒಪ್ಪುವ ಗರಿಷ್ಠಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಇದು ನಿಜವಾದರೆ ಅಂದಿನ ಅನಿಲ ನಮಗೆ ಗೊತ್ತಿರುವ ಭೌತಶಾಸ್ತ್ರ ಹೇಳುವುದಕ್ಕಿಂತ ಇನ್ನೂ ತಣ್ಣಗಿರಬೇಕಿತ್ತು, ಇಲ್ಲವೇ ಹಿನ್ನೆಲೆಯಲ್ಲಿ ನಮಗೆ ತಿಳಿಯದ ಇನ್ನೊಂದು ರೇಡಿಯೊ ಹೊಳಪು ಇರಬೇಕಿತ್ತು. ಅನಿಲವನ್ನು ಕೃಷ್ಣದ್ರವ್ಯ (ಡಾರ್ಕ್ ಮ್ಯಾಟರ್) ತಣಿಸಿರಬಹುದು ಎಂದು ಇಸ್ರೇಲಿನ ರೆನನ್ ಬರ್ಕಾನಾ ಅದೇ ಸಂಚಿಕೆಯಲ್ಲಿ ಬರೆದರು. ಕೃಷ್ಣದ್ರವ್ಯದ ಸ್ವರೂಪಕ್ಕೇ ಕೀಲಿಕೈ ಸಿಕ್ಕಿತೆಂದು ಲೋಕದ ಭೌತವಿಜ್ಞಾನಿಗಳು ಎದ್ದು ಕುಳಿತರು. ಅದರ ಬೆನ್ನಿಗೇ ಸಂಶಯಗಳೂ ಬಂದವು. ದತ್ತಾಂಶವನ್ನು ಇನ್ನೊಂದು ಬಗೆಯಲ್ಲಿ ಲೆಕ್ಕ ಹಾಕಿದರೆ ತಗ್ಗು ಬೇರೆಯಾಗಿ ಕಾಣುತ್ತದೆ ಎಂದರು ಕೆಲವರು. ಜಾಲರಿ ಮತ್ತು ಅದರಡಿಯ ನೆಲವೇ ಇಂಥ ತಗ್ಗನ್ನು ಹುಟ್ಟಿಸಬಲ್ಲದು ಎಂದರು ಇನ್ನು ಕೆಲವರು. ವಾದದಿಂದ ಇದು ತೀರ್ಮಾನವಾಗುವಂಥದ್ದಲ್ಲ. ಬೇರೆ ಕಡೆ, ಬೇರೆ ಬಗೆಯ ಉಪಕರಣದಿಂದ ಅಳೆದು ನೋಡಲೇಬೇಕಿತ್ತು.

ನೆಲ ತರುವ ತೊಡಕು

ಕುಣಿಗಲ್, ಗುಬ್ಬಿ ಕಡೆ ಬೋರ್‌ವೆಲ್ ಕೊರೆಸಿದವರಿಗೆ ನೆಲದೊಳಗಿನ ಪದರಗಳು ಗೊತ್ತು. ಮೇಲೆ ಕೆಂಪು ಮಣ್ಣು, ಕೆಳಗೆ ಪುಡಿಯಾದ ಕಲ್ಲು, ಅದರಡಿ ಗಟ್ಟಿ ಬಂಡೆ. ಒಂದು ಹೊಲದಲ್ಲಿ ಬೇಗ ಸಿಕ್ಕ ಬಂಡೆ ಪಕ್ಕದ ಹೊಲದಲ್ಲಿ ಎಷ್ಟೋ ಆಳಕ್ಕೆ ಹೋಗಿರುತ್ತದೆ. ಮಳೆಗಾಲದಲ್ಲಿ ಮಣ್ಣಿನ ತೇವ ಒಂದು ಬಗೆ, ಬೇಸಿಗೆಯಲ್ಲಿ ಇನ್ನೊಂದು ಬಗೆ.

ನಾಲ್ಕು ಮೀಟರ್ ಉದ್ದದ ರೇಡಿಯೊ ತರಂಗಕ್ಕೆ ಈ ನೆಲ ಪೂರ್ತಿ ಮುಚ್ಚಿದ ಗೋಡೆಯಲ್ಲ. ಒಂದು ಪಾಲು ಮೇಲ್ಮೈಯಿಂದಲೇ ಹಿಂದಿರುಗುತ್ತದೆ. ಉಳಿದದ್ದು ಒಳಗೆ ಹೊಕ್ಕು ಪದರದಿಂದ ಪದರಕ್ಕೆ ತಾಗಿ ಸ್ವಲ್ಪ ಸ್ವಲ್ಪವೇ ವಾಪಸು ಬರುತ್ತದೆ. ಹೀಗೆ ತಡವಾಗಿ ಬಂದದ್ದು ಆಕಾಶದಿಂದ ನೇರವಾಗಿ ಬಂದ ತರಂಗದೊಡನೆ ಸೇರಿ ಕೆಲವು ಆವರ್ತನಗಳಲ್ಲಿ ಅದನ್ನು ಬಲಪಡಿಸುತ್ತದೆ, ಕೆಲವು ಆವರ್ತನಗಳಲ್ಲಿ ಕುಗ್ಗಿಸುತ್ತದೆ. ನಯವಾಗಿರಬೇಕಾದ ರೋಹಿತದಲ್ಲಿ ಅಲೆಗಳು ಏಳುತ್ತವೆ. ನೆಲದಡಿಯ ಪದರಗಳನ್ನು ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ನಿಖರವಾಗಿ ಅರಿತವರು ಯಾರೂ ಇಲ್ಲ. ಆದ್ದರಿಂದ ಆ ಅಲೆಗಳನ್ನು ಲೆಕ್ಕದಿಂದ ತೆಗೆದುಹಾಕುವುದೂ ಕಷ್ಟ.

ಜಲಾಶಯದ ನೀರಿನಲ್ಲಿ ಈ ತೊಂದರೆ ಇಲ್ಲ. ಈ ದಡದಿಂದ ಆ ದಡದವರೆಗೆ ನೀರು ಒಂದೇ ಬಗೆ, ಮೇಲಿನಿಂದ ತಳದವರೆಗೂ ಹೆಚ್ಚುಕಡಿಮೆ ಒಂದೇ ಬಗೆ. ಮೇಲ್ಮೈ ತಾನಾಗಿ ಸಮತಟ್ಟು. ವಿದ್ಯುತ್ ಕ್ಷೇತ್ರಕ್ಕೆ ಸ್ಪಂದಿಸುವ ನೀರಿನ ಗುಣಾಂಕ ಸುಮಾರು 80, ಒಣಮಣ್ಣಿನದು ಬೆರಳೆಣಿಕೆಯಷ್ಟು. ಹೀಗಾಗಿ ನೀರು ಮೇಲ್ಮೈಯಿಂದಲೇ ತರಂಗವನ್ನು ಬಲವಾಗಿ ಪ್ರತಿಫಲಿಸುತ್ತದೆ. ಒಳಹೊಕ್ಕ ಪಾಲು ಆಳ ಸಾಕಷ್ಟಿದ್ದರೆ ನೀರಿನಲ್ಲೇ ಕುಗ್ಗಿಹೋಗುತ್ತದೆ. ಆಂಟೆನಾದ ಕೆಳಗೆ ಏನಿದೆ ಎಂಬುದು ವಿಜ್ಞಾನಿಗೆ ಪೂರ್ತಿ ತಿಳಿದಿರುತ್ತದೆ. ಆಂಟೆನಾವನ್ನು ನೀರಿನ ಮೇಲೆ ತೇಲಿಸುವ ಯೋಚನೆಯ ಹಿಂದಿದ್ದದ್ದು ಇದು.

ತೆಪ್ಪದ ಮೇಲಿನ ಶಂಕು

ಬೆಂಗಳೂರಿನಲ್ಲಿ ಈ ಯೋಚನೆ ದಿಢೀರನೆ ಹುಟ್ಟಿದ್ದಲ್ಲ. ಸರ್ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ಸಂಸ್ಥೆಗೆ 1972ರಲ್ಲಿ ನಿರ್ದೇಶಕರಾಗಿ ಬಂದ ಅವರ ಮಗ ವಿ. ರಾಧಾಕೃಷ್ಣನ್, ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಲ್ಲಿ ಇದೇ 21 ಸೆಂಟಿಮೀಟರ್ ತರಂಗದ ಮೇಲೆ ಕೆಲಸ ಮಾಡಿದವರು. ರಾಮನ್ ಸಂಸ್ಥೆ ಮತ್ತು ಭಾರತೀಯ ಖಗೋಳಭೌತ ಸಂಸ್ಥೆ ಸೇರಿ ಗೌರಿಬಿದನೂರಿನಲ್ಲಿ ಸಾವಿರ ಡೈಪೋಲುಗಳ ರೇಡಿಯೊ ದೂರದರ್ಶಕ ಕಟ್ಟಿದವು. ಅದರಿಂದ ಕೆ.ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 34.5 ಮೆಗಾಹರ್ಟ್ಜ್‌ನಲ್ಲಿ ಆಕಾಶದ ನಕ್ಷೆ ತಯಾರಿಸಿ 1990ರಲ್ಲಿ ಪ್ರಕಟಿಸಿದರು. ಕಡಿಮೆ ಆವರ್ತನದ ರೇಡಿಯೊ ಆಕಾಶದೊಡನೆ ಈ ಸಂಸ್ಥೆಯ ಒಡನಾಟ ಹಳೆಯದು.

ಅದೇ ಉದಯಶಂಕರ್, ರವಿ ಸುಬ್ರಹ್ಮಣ್ಯನ್ ಮತ್ತು ಸಂಗಡಿಗರು ಕಟ್ಟಿದ ಉಪಕರಣಗಳ ಸರಣಿಯ ಹೆಸರು ‘ಸರಸ್’. ಮೊದಲನೆಯದನ್ನು ಗೌರಿಬಿದನೂರಿನಲ್ಲಿ ಪರೀಕ್ಷಿಸಿದರು. ಎರಡನೆಯದನ್ನು ಗಡಿಯಾಚೆ ಆಗಿನ ಅನಂತಪುರ ಜಿಲ್ಲೆಯ ಟಿಂಬಕ್ಟು ಎಂಬಲ್ಲಿ ನೆಲದ ಮೇಲಿಟ್ಟು 110ರಿಂದ 200 ಮೆಗಾಹರ್ಟ್ಜ್ ಅಳೆದರು. ಸಿದ್ಧಾಂತಿಗಳು ಮುಂದಿಟ್ಟಿದ್ದ ಕೆಲವು ಊಹೆಗಳನ್ನು ಅದು ಅಳಿಸಿಹಾಕಿತು. ನೆಲದ ಕಾಟವೂ ಅಲ್ಲೇ ಚೆನ್ನಾಗಿ ಮನದಟ್ಟಾಯಿತು. ಮೂರನೆಯದು ನೀರಿಗೆ ಇಳಿಯಿತು.

ಸರಸ್-3ರ ಆಂಟೆನಾ ಎಂದರೆ ದುಂಡನೆಯ ಲೋಹದ ತಟ್ಟೆ, ಅದರ ನಡುವೆ ತುದಿ ಕೆಳಗಾಗಿ ನಿಂತ ಲೋಹದ ಶಂಕು. ಎಲ್ಲ ದಿಕ್ಕಿಗೂ ಒಂದೇ ರೂಪ. ಇದನ್ನು ಬೇಕೆಂದೇ ಚಿಕ್ಕದಾಗಿ ಮಾಡಿದ್ದಾರೆ. ದೊಡ್ಡ ಆಂಟೆನಾ ಹೆಚ್ಚು ಶಕ್ತಿ ಹಿಡಿಯುತ್ತದೆ, ಆದರೆ ಆವರ್ತನ ಬದಲಾದಂತೆ ಅದರ ನೋಟವೂ ಬದಲಾಗುತ್ತದೆ. ಚಿಕ್ಕದಾದರೆ ಶಕ್ತಿ ಕಡಿಮೆ ಸಿಕ್ಕರೂ ನೋಟ ಬದಲಾಗದೆ ನಯವಾಗಿರುತ್ತದೆ. ಆಂಪ್ಲಿಫೈಯರ್ ಇರುವ ಪೆಟ್ಟಿಗೆಯನ್ನು ತಟ್ಟೆಯ ಅಡಿಗೇ ಇರಿಸಿದರು. ನಡುವೆ ಉದ್ದನೆಯ ಕೇಬಲ್ ಇದ್ದರೆ ಅದರೊಳಗೆ ಸಂಕೇತ ಹಿಂದೆಮುಂದೆ ತಾಗಿ ಮತ್ತೆ ಅಲೆಗಳು ಹುಟ್ಟುತ್ತವೆ ಎಂಬ ಕಾರಣಕ್ಕೆ. ಅಲ್ಲಿಂದ ಸಂಕೇತ ಆಪ್ಟಿಕಲ್ ಫೈಬರಿನಲ್ಲಿ ದೂರದ ದಡಕ್ಕೆ ಹೋಗುತ್ತಿತ್ತು. ಕಂಪ್ಯೂಟರುಗಳೇ ರೇಡಿಯೊ ಗದ್ದಲ ಮಾಡುವುದರಿಂದ ಅವನ್ನು ಆಂಟೆನಾದ ಬಳಿ ಬಿಟ್ಟುಕೊಳ್ಳುವಂತಿರಲಿಲ್ಲ. ದಡದ ಡಿಜಿಟಲ್ ಯಂತ್ರ ಸಂಕೇತವನ್ನು ಸಾವಿರಾರು ಕಿರು ಆವರ್ತನಗಳಾಗಿ ಬಿಡಿಸಿ ಬರೆದುಕೊಳ್ಳುತ್ತಿತ್ತು. ನಡುನಡುವೆ ಗೊತ್ತಿರುವ ಪ್ರಮಾಣದ ಕೃತಕ ಸಂಕೇತವನ್ನು ಒಳಬಿಟ್ಟು, ಉಪಕರಣ ಸರಿಯಾಗಿ ಅಳೆಯುತ್ತಿದೆಯೇ ಎಂದು ಪರೀಕ್ಷಿಸುವ ಏರ್ಪಾಟೂ ಇತ್ತು.

ತಗ್ಗು ಅಲ್ಲಿರಲಿಲ್ಲ

ಫಲಿತಾಂಶ 2022ರ ಫೆಬ್ರವರಿ 28ರಂದು ‘ನೇಚರ್ ಅಸ್ಟ್ರಾನಮಿ’ಯಲ್ಲಿ ಬಂತು. ಮೊದಲ ಲೇಖಕರು ಸೌರಭ್ ಸಿಂಗ್. ಬಿ.ಎಸ್. ಗಿರೀಶ್, ಎ. ರಘುನಾಥನ್, ಆರ್. ಸೋಮಶೇಖರ್, ಕೆ.ಎಸ್. ಶ್ರೀವಾಣಿ ಮೊದಲಾದ ಎಂಜಿನಿಯರುಗಳ ಹೆಸರುಗಳೂ ಲೇಖಕರ ಸಾಲಿನಲ್ಲಿದ್ದವು. 55ರಿಂದ 85 ಮೆಗಾಹರ್ಟ್ಜ್‌ವರೆಗಿನ ಅಳತೆಯಲ್ಲಿ ಎಡ್ಜಸ್ ಹೇಳಿದ ಆಕಾರದ ತಗ್ಗು ಕಾಣಲಿಲ್ಲ. ಆ ತಗ್ಗು ಆಕಾಶದ್ದು ಎಂಬ ವಾದವನ್ನು ಸರಸ್-3 ಶೇ 95.3ರ ವಿಶ್ವಾಸದಿಂದ ತಳ್ಳಿಹಾಕಿತು. ಭೌತಶಾಸ್ತ್ರದ ನಿಯಮಗಳನ್ನೇ ತಿದ್ದಬೇಕಾದ ಒತ್ತಡ ಅಲ್ಲಿಗೆ ಬಹಳ ಮಟ್ಟಿಗೆ ಇಳಿಯಿತು.

ಶೇ 95.3 ಎಂದರೆ ಸಂಶಯ ಸಂಪೂರ್ಣ ತೀರಿತೆಂದಲ್ಲ. ಅಳತೆ ಇನ್ನೂ ಬಿಗಿಯಾಗಬೇಕು, ಬೇರೆಯವರೂ ಅಳೆಯಬೇಕು. ದಕ್ಷಿಣ ಆಫ್ರಿಕದಲ್ಲಿ ಕೇಂಬ್ರಿಜ್ ವಿಜ್ಞಾನಿಗಳ ನೇತೃತ್ವದ ‘ರೀಚ್’ ಪ್ರಯೋಗ ಅದಕ್ಕೆಂದೇ ನಡೆದಿದೆ. ಆದರೆ ಇಷ್ಟು ಹೊತ್ತಿಗೆ ಒಂದು ಮಾತು ಸ್ಪಷ್ಟವಾಗಿತ್ತು. ನಾಲ್ಕು ವರ್ಷ ಜಗತ್ತಿನ ಸಿದ್ಧಾಂತಿಗಳನ್ನು ಕಾಡಿದ ಸಂಕೇತವನ್ನು ಕರ್ನಾಟಕದ ನೀರಿನ ಮೇಲೆ ತೇಲಿದ ಪುಟ್ಟ ಆಂಟೆನಾ ಪರೀಕ್ಷೆಗೆ ಒಡ್ಡಿತ್ತು.

‘ಇಲ್ಲ’ ಎಂಬ ಉತ್ತರದಿಂದ ಇನ್ನಷ್ಟನ್ನು ಹಿಂಡಬಹುದಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಕೇಂಬ್ರಿಜ್‌ನ ಹ್ಯಾರಿ ಬೆವಿನ್ಸ್ ಮತ್ತು ರಾಮನ್ ಸಂಸ್ಥೆಯವರು ಸೇರಿ ಇನ್ನೊಂದು ಲೇಖನ ಪ್ರಕಟಿಸಿದರು. ಮಹಾಸ್ಫೋಟದ ನಂತರ 20 ಕೋಟಿ ವರ್ಷದ ಹೊತ್ತಿಗಿದ್ದ ಗೆಲಾಕ್ಸಿಗಳು ರೇಡಿಯೊದಲ್ಲಿ ಬಹಳ ಪ್ರಖರವಾಗಿದ್ದು, ಜೊತೆಗೆ ಕ್ಷಕಿರಣ ಕಡಿಮೆ ಸೂಸುತ್ತಿದ್ದಿದ್ದರೆ ಆಳವಾದ ತಗ್ಗು ಬಿದ್ದು ಸರಸ್-3ಕ್ಕೆ ಕಾಣಬೇಕಿತ್ತು. ಕಾಣಲಿಲ್ಲವಾದ್ದರಿಂದ ಅಂಥ ಗೆಲಾಕ್ಸಿಗಳು ಇದ್ದ ಸಂಭವ ಕಡಿಮೆ. ಯಾವ ದೂರದರ್ಶಕವೂ ಬಿಡಿಬಿಡಿಯಾಗಿ ನೋಡಿರದ ಗೆಲಾಕ್ಸಿಗಳ ಹೊಳಪು, ತೂಕಗಳ ಬಗ್ಗೆ ಹೀಗೆ ಮಿತಿ ಹಾಕಲು ಸಾಧ್ಯವಾಯಿತು.

ಚಂದ್ರನ ಮರೆಗೆ

ಮುಂದಿನ ಹೆಜ್ಜೆ ಭೂಮಿ ಬಿಟ್ಟು ಹೋಗುವುದು. ಎಷ್ಟು ದೂರದ ಹಿನ್ನೀರಿಗೆ ಹೋದರೂ ಉಪಗ್ರಹಗಳ, ವಿಮಾನಗಳಿಗೆ ತಾಗಿ ಬರುವ ಎಫ್‌ಎಂನ ಸದ್ದು ಬೆನ್ನು ಬಿಡುವುದಿಲ್ಲ. ಮೇಲಿರುವ ಅಯಾನುಗೋಳವೂ ಇಷ್ಟು ಕಡಿಮೆ ಆವರ್ತನದ ತರಂಗವನ್ನು ಬಾಗಿಸುತ್ತದೆ. ಚಂದ್ರನ ಹಿಂಬದಿಯಲ್ಲಿ ಭೂಮಿಯ ರೇಡಿಯೊ ಗದ್ದಲಕ್ಕೆ ಚಂದ್ರನೇ ಅಡ್ಡ ನಿಲ್ಲುತ್ತಾನೆ. ಚಂದ್ರನ ಸುತ್ತ ಪರಿಭ್ರಮಿಸುತ್ತ ಹಿಂಬದಿಗೆ ಬಂದಾಗಲೆಲ್ಲ ಅಳೆಯುವ ‘ಪ್ರತುಷ್’ ಎಂಬ ಉಪಗ್ರಹವನ್ನು ರಾಮನ್ ಸಂಸ್ಥೆ ಯೋಜಿಸಿದೆ. ಇಸ್ರೋ ಬೆಂಬಲದಿಂದ ಪೂರ್ವಸಿದ್ಧತೆಯ ಅಧ್ಯಯನ ನಡೆದಿದೆ. ಕಡಿಮೆ ತೂಕ, ಕಡಿಮೆ ವಿದ್ಯುತ್ತು ಮತ್ತು ಕಡಿಮೆ ರೇಡಿಯೊ ಗದ್ದಲ ಎಂಬ ಮೂರನ್ನೂ ಒಟ್ಟಿಗೆ ಸಾಧಿಸಬೇಕು. ಅದಕ್ಕಾಗಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಅಗ್ಗದ ಕಂಪ್ಯೂಟರನ್ನು ನಿಯಂತ್ರಕವಾಗಿ ಬಳಸಿ ಗ್ರಾಹಕದ ಮಾದರಿಯೊಂದನ್ನು ಪರೀಕ್ಷಿಸಿದ್ದಾರೆ. ಕಾಲೇಜು ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಕೊಂಡು ತರುವ ಬಗೆಯದೇ ಕಂಪ್ಯೂಟರು ಅದು.

ಇಡೀ ಆಕಾಶದ ಸರಾಸರಿಯನ್ನಲ್ಲದೆ, ಆ ಕಾಲದ ಹೈಡ್ರೋಜನ್ ಎಲ್ಲೆಲ್ಲಿ ಹೇಗಿತ್ತೆಂಬ ಚಿತ್ರವನ್ನೇ ಬಿಡಿಸಲು ಸ್ಕ್ವೇರ್ ಕಿಲೋಮೀಟರ್ ಅರೇ ಎಂಬ ರೇಡಿಯೊ ದೂರದರ್ಶಕ ಎದ್ದು ನಿಲ್ಲುತ್ತಿದೆ. ಅದರ ಕಡಿಮೆ ಆವರ್ತನದ ಭಾಗ ಆಸ್ಟ್ರೇಲಿಯಾದಲ್ಲಿ, 1,31,072 ಆಂಟೆನಾಗಳದು. ಭಾರತ ಅದಕ್ಕೆ 1,250 ಕೋಟಿ ರೂಪಾಯಿ ಮಂಜೂರು ಮಾಡಿ ಪಾಲುದಾರನಾಗಿದೆ.

ಮೊದಲ ನಕ್ಷತ್ರಗಳ ಗುರುತು ಇನ್ನೂ ಖಚಿತವಾಗಿ ಯಾರಿಗೂ ಸಿಕ್ಕಿಲ್ಲ. ಸಿಕ್ಕಿತೆಂದು ನಾಳೆ ಯಾರಾದರೂ ಹೇಳಿದರೆ ಅದನ್ನು ನಂಬಲು ಮತ್ತೊಬ್ಬರು ಅಷ್ಟೇ ಎಚ್ಚರದಿಂದ ಅಳೆದು ನೋಡಿರಬೇಕು. ಆ ಎಚ್ಚರ ಬೆಳೆಯುವುದು ಆಂಟೆನಾ ಕಟ್ಟಿ, ಬೆಸುಗೆ ಹಾಕಿ, ಕೆಟ್ಟದ್ದನ್ನು ಬಿಚ್ಚಿ ನೋಡಿದ ಕೈಗಳಲ್ಲಿ. ತುಮಕೂರು, ಗುಬ್ಬಿ, ಕುಣಿಗಲ್ಲಿನ ಕಾಲೇಜುಗಳಲ್ಲಿ ಭೌತಶಾಸ್ತ್ರ, ಎಲೆಕ್ಟ್ರಾನಿಕ್ಸ್ ಓದುತ್ತಿರುವವರೇ, ಈ ಕೆಲಸ ನಡೆಯುತ್ತಿರುವುದು ನಿಮ್ಮಿಂದ ಎರಡು ಮೂರು ಗಂಟೆ ದಾರಿಯ ಬೆಂಗಳೂರಿನಲ್ಲಿ. ಇದಕ್ಕೆ ಬೇಕಾದ ಗಣಿತವನ್ನೂ ಕೈಕೆಲಸವನ್ನೂ ಈಗಿನಿಂದಲೇ ಕಲಿಯಿರಿ. ಹುಡುಕಾಟದಲ್ಲಿ ಇನ್ನೂ ಬಹಳ ಕೆಲಸ ಬಾಕಿ ಇದೆ.